ಹೊಂಗೆ ಮರ ಕಡಿಸುವ ಮುಂಚೆ ಇದನ್ನು ಕೇಳಿ, ಚಿಕ್ಕಪ್ಪ

ಚಿಕ್ಕಪ್ಪ, ನೀವು ಬೆಳಿಗ್ಗೆ ಗ್ರೂಪಿಗೆ ಕಳಿಸಿದ ವಿಡಿಯೊವನ್ನು ಪೂರ್ತಿ ನೋಡಿದೆ. ಬರ, ಮಳೆ, ಬಿಸಿಲು ಎಲ್ಲ ತಾತನ ಕಾಲದಲ್ಲೂ ಇದ್ದವು, ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ, ವಿಜ್ಞಾನಿಗಳು ಸುಮ್ಮನೆ ಹೆದರಿಸುತ್ತಾರೆ ಎಂದು ಆ ಮನುಷ್ಯ ಹೇಳುತ್ತಾನೆ. ಅದರ ಕೆಳಗೇ ನೀವು, ಶಿಡ್ಲಘಟ್ಟದ ತೋಟದಲ್ಲಿ ಕಟ್ಟಿಸುವ ರೇಷ್ಮೆ ಹುಳುಮನೆಗೆ ತಗಡಿನ ಶೀಟು ಸಾಕು, ಅಡ್ಡ ಬರುವ ಹೊಂಗೆ ಮರಗಳನ್ನು ಕಡಿಸುತ್ತೇನೆ ಎಂದು ಬರೆದಿದ್ದೀರಿ. ಎರಡಕ್ಕೂ ಸೇರಿಸಿಯೇ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರಪಡಬೇಡಿ.

ಬರ ಹಿಂದೆಯೂ ಇತ್ತು, ಖಂಡಿತ ನಿಜ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಆಗ ಪೆಸಿಫಿಕ್ ಸಾಗರದಲ್ಲಿ ಪ್ರಬಲವಾದ ಎಲ್ ನಿನೊ, ಅಂದರೆ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಕಡಲ ನೀರಿನ ಬಿಸಿ, ಎದ್ದಿತ್ತು. 2023ರಲ್ಲೂ ಎಲ್ ನಿನೊ ಇತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಇದನ್ನು ಯಾವ ವಿಜ್ಞಾನಿಯೂ ಅಲ್ಲಗಳೆಯುವುದಿಲ್ಲ. ಅದರ ಮೇಲೆ ನಾವು ಏನನ್ನು ಹೇರಿದ್ದೇವೆ ಎಂಬುದನ್ನು ಅವರು ಹುಡುಕುತ್ತಿದ್ದಾರೆ.

ಸೂರ್ಯನ ಮಾತಿಗೆ ಬರೋಣ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. ಸುಮಾರು 11 ವರ್ಷಕ್ಕೊಂದು ಸುತ್ತಿನಂತೆ ಕೊಂಚ ಏರಿಳಿಯುತ್ತದೆ, ಒಟ್ಟಾರೆ ಹೆಚ್ಚಿಲ್ಲ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿದೆ, ನನಗೆ ಅದನ್ನು ಎಷ್ಟು ಸಲ ಓದಿದರೂ ಬೆರಗು. ಸೂರ್ಯನೇ ಕಾರಣವಾಗಿದ್ದರೆ ನೆಲದ ಹತ್ತಿರದ ಗಾಳಿಯ ಜೊತೆಗೆ ಬಹಳ ಎತ್ತರದ ಗಾಳಿಯ ಪದರವಾದ ಸ್ತರಗೋಳವೂ ಕಾಯಬೇಕಿತ್ತು. ಕಲ್ಲಿದ್ದಲು, ಪೆಟ್ರೋಲು ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡ್ ಕಾರಣವಾಗಿದ್ದರೆ ಕೆಳಗೆ ಬಿಸಿ ಏರಿ ಮೇಲೆ ತಂಪಾಗಬೇಕು. ಹವಾಮಾನ ವಿಜ್ಞಾನಿಗಳಾದ ಸುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೀಗೆಂದಿದ್ದರು. ಮುಂದೆ ಬಲೂನು, ಉಪಗ್ರಹಗಳ ಅಳತೆಯಲ್ಲಿ ಕಂಡದ್ದೂ ಅದೇ. ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಮಳೆಯನ್ನೂ ನೋಡಿ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯ ಭಾರತದಲ್ಲಿ 1950ರಿಂದ 2015ರೊಳಗೆ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ. ಒಟ್ಟು ಮಳೆ ಮಾತ್ರ ತಗ್ಗಿದೆ. ಅದು ನಮ್ಮ ಜಿಲ್ಲೆಯ ಲೆಕ್ಕವಲ್ಲ. ಆದರೆ ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ ಎಂಬ ನಿಯಮ ಚಿಕ್ಕಬಳ್ಳಾಪುರದ ಗಾಳಿಗೂ ಒಂದೇ. 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಬಿದ್ದಾಗ ನಾವೆಲ್ಲ ಓಡಿ ಹೋಗಿ ನೋಡಿದೆವು. ಅದೇ ಮಳೆಗೆ ಕೊಯ್ದ ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು.

ಈಗ ಹುಳುಮನೆ. ರೇಷ್ಮೆ ಹುಳು ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳುವ ಜೀವವಲ್ಲ. ಮನೆ ಕಾದಂತೆ ಅದರ ಮೈಯೂ ಕಾಯುತ್ತದೆ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಮೇಲೆ ಅದಕ್ಕೆ 24-25 ಡಿಗ್ರಿ ಹಿತ, ಜೀವಮಾನದ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತಿನ್ನುವುದೂ ಆಗಲೇ. ಹೋದ ಬೇಸಿಗೆಯ ದ್ವಿತಳಿ ರೇಷ್ಮೆ ಬೆಳೆಯಲ್ಲಿ ಏನಾಯಿತು ಎಂದು ಚಿಕ್ಕಮ್ಮನನ್ನೇ ಕೇಳಿ. ಸೊಪ್ಪು ಹಾಕಿದರೂ ಹುಳುಗಳು ತಲೆಯೆತ್ತಿಕೊಂಡು ತಟ್ಟೆಯ ಅಂಚಿಗೆ ಹರಿದಾಡುತ್ತಿದ್ದವು. ಗೆಣ್ಣುಗಳು ಊದಿ ಮಿರುಗುತ್ತಿದ್ದವು, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಬರುತ್ತಿತ್ತು. ಈ ಹಾಲುತೊಂಡೆ ರೋಗ ತರುವುದು ವೈರಸ್, ಬಿಸಿಲಲ್ಲ. ಆದರೆ ಸೆಖೆಗೆ ಸೊರಗಿದ ಹುಳು ಅದಕ್ಕೆ ಬೇಗ ತುತ್ತಾಗುತ್ತದೆ. ಹಗಲು ಗೋಣಿತಟ್ಟು ನೆನೆಸಿ ಕಿಟಕಿಗೆ ಕಟ್ಟಿ ಹೇಗೋ ನಿಭಾಯಿಸುತ್ತೀರಿ. ರಾತ್ರಿಯೂ ಮನೆ ಆರದಿದ್ದರೆ ಹುಳು ಸುಧಾರಿಸಿಕೊಳ್ಳುವುದು ಯಾವಾಗ? ಇಂಗಾಲದ ಡೈಆಕ್ಸೈಡಿನಂಥ ಹಸಿರುಮನೆ ಅನಿಲಗಳು ನೆಲದ ಶಾಖ ರಾತ್ರಿ ಹೊರಗೆ ಹೋಗುವುದನ್ನೂ ತಡೆಯುತ್ತವೆ.

ಆದ್ದರಿಂದ ಬರಿಯ ತಗಡು ಬೇಡ, ಚಿಕ್ಕಪ್ಪ. ಹೆಂಚು ಹೊದಿಸೋಣ. ಖರ್ಚು ಹೆಚ್ಚಾಯಿತೆಂದರೆ ಶೀಟನ್ನೇ ಹಾಕಿ, ಮೇಲೆ ಬಿಳಿ ಬಣ್ಣ ಬಳಿಸಿ, ಕೆಳಗೆ ತೆಂಗಿನ ಗರಿಯ ಚಪ್ಪರ ಕಟ್ಟಿಸೋಣ. ಗೋಡೆಯನ್ನು ಇನ್ನೆರಡು ಅಡಿ ಎತ್ತರಿಸಿ, ಬಿಸಿಗಾಳಿ ಹೋಗಲು ಮೇಲೆ ಕಿಂಡಿ ಬಿಡಿಸಿ; ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಜಾಲರಿ ಮರೆಯಬೇಡಿ. ಹೊಂಗೆ ಮರಗಳಂತೂ ಪಡುವಣ ಬಿಸಿಲಿಗೆ ಸರಿಯಾಗಿ ಅಡ್ಡ ನಿಂತಿವೆ. ಪಾಯವನ್ನು ಮೂಡಣಕ್ಕೆ ಸ್ವಲ್ಪ ಸರಿಸಿದರೆ ಒಂದನ್ನೂ ಕಡಿಯಬೇಕಾಗಿಲ್ಲ. ಮರದವನಿಗೆ ಮುಂಗಡ ವಾಪಸು ಕೊಡಬೇಕಿದ್ದರೆ ನಾನು ಕೊಡುತ್ತೇನೆ. ಭಾನುವಾರ ಊರಿಗೆ ಬರುತ್ತೇನೆ, ಟೇಪು ಹಿಡಿದು ಇಬ್ಬರೂ ಅಳೆಯೋಣ. ಅಲ್ಲಿಯವರೆಗೆ ಕೊಡಲಿ ಹಾಕಿಸಬೇಡಿ.