ಬೆಳಿಗ್ಗೆ ಎರಡನೇ ಗೇರ್ ಬೀಳ್ತಿಲ್ಲ, ಯಾವ ಗೇರ್ ಆಯಿಲ್ ಹಾಕಿಸಲಿ?

ಸಕಲೇಶಪುರದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸಣ್ಣ ಪೆಟ್ರೋಲ್ ಕಾರು, ಐದು ಗೇರ್, 1,12,000 ಕಿ.ಮೀ. ಓಡಿದೆ. ಚಳಿಗಾಲದ ಬೆಳಿಗ್ಗೆ ಮೊದಲ ಮೂರ್ನಾಲ್ಕು ಕಿ.ಮೀ. ಎರಡನೇ ಗೇರ್ ತುಂಬಾ ಬಿಗಿ. ಅವಸರ ಮಾಡಿದರೆ ಕರ್ ಅನ್ನುತ್ತದೆ. ಬಿಸಿಯಾದ ಮೇಲೆ ಸುಮಾರಾಗಿ ಸರಿಹೋಗುತ್ತದೆ. ಗೇರ್ ಆಯಿಲ್ ಹೋದ ವರ್ಷ ಬದಲಿಸಿದ್ದೆ, ಬಿಲ್ಲಿನಲ್ಲಿ ‘90 ಆಯಿಲ್’ ಅಂತಷ್ಟೇ ಇದೆ. ಗಾಡಿಯ ಮ್ಯಾನುಯಲ್‌ನಲ್ಲಿ ಎಣ್ಣೆಯ ದಪ್ಪ 75ಡಬ್ಲ್ಯು-80, ಬಗೆ ಜಿಎಲ್-4 ಎಂದಿದೆ. ಅಂಗಡಿಯವರು ‘ಜಿಎಲ್-5 ಅದಕ್ಕಿಂತ ಮೇಲಿನದು, ಅದನ್ನೇ ತಗೊಳ್ಳಿ’ ಅಂತಾರೆ. ಮೆಕ್ಯಾನಿಕ್ ‘ಹಳೇ ಗಾಡಿಗೆ ದಪ್ಪ ಆಯಿಲ್ಲೇ ಒಳ್ಳೇದು’ ಅಂತಾರೆ. ಸ್ವತಃ ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ:

ಸರ್, ಮ್ಯಾನುಯಲ್ ನಂಬಿ. ನಾನು ದುಡ್ಡು ಕಳೆದುಕೊಂಡು ಕಲಿತ ಪಾಠ ಇದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜಿಎಲ್-4, ಜಿಎಲ್-5 ಅನ್ನೋದು ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಥರ ದರ್ಜೆಯಲ್ಲ. ಎಂಥ ಗೇರಿಗೆ ಎಂಥ ಎಣ್ಣೆ ಅನ್ನುವ ಗುರುತು ಅದು. ಎಂಜಿನ್ ಹಿಂದಿನ ಚಕ್ರ ಓಡಿಸುವ ಗಾಡಿಗಳಲ್ಲಿ, ಹಿಂದಿನ ಆಕ್ಸಲ್ ನಡುವಿನ ಹೌಸಿಂಗ್ ಒಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಗೇರ್ ಜೋಡಿ ಇರುತ್ತದಲ್ಲ, ಅವುಗಳ ಹಲ್ಲು ಒಂದರ ಮೇಲೊಂದು ಉರುಳುವುದಕ್ಕಿಂತ ಹೆಚ್ಚಾಗಿ ಉಜ್ಜಿಕೊಂಡು ಜಾರುತ್ತವೆ. ಹೈಪಾಯ್ಡ್ ಗೇರ್ ಅಂತಾರೆ. ಆ ಒತ್ತಡದಲ್ಲಿ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಹಾಗಾಗಿ ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ರಾಸಾಯನಿಕಗಳನ್ನು ಜಿಎಲ್-4ರ ಸರಿಸುಮಾರು ಎರಡರಷ್ಟು ಹಾಕಿರುತ್ತಾರೆ. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಕೆಟ್ಟ ವಾಸನೆ ಅದರದ್ದೇ.

ನಿಮ್ಮದರಂಥ ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ. ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಕೂಡ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಆದರೆ ಅಲ್ಲಿರುವುದು ಓರೆ ಹಲ್ಲಿನ ಸಾಮಾನ್ಯ ಗೇರ್, ಹೈಪಾಯ್ಡ್ ಅಲ್ಲ. ಅಷ್ಟೊಂದು ರಾಸಾಯನಿಕದ ಅಗತ್ಯವೇ ಅಲ್ಲಿಲ್ಲ.

ಅಗತ್ಯವಿಲ್ಲದಿದ್ದರೂ ಇದ್ದರೇನು ನಷ್ಟ ಅಂತ ನಾನೂ ಕೇಳಿದ್ದೆ. ನಷ್ಟ ಸಿಂಕ್ರೋ ರಿಂಗಿಗೆ. ಓಡುವ ಬಸ್ಸು ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಕೂಡಿಸಿಕೊಂಡು, ಆಮೇಲೆ ಮೆಟ್ಟಿಲಿಗೆ ಕಾಲಿಡುತ್ತಾನೆ. ಗೇರ್ ಬೀಳುವ ಮೊದಲು ಆ ನಾಲ್ಕು ಹೆಜ್ಜೆ ಓಡುವುದು ಸಿಂಕ್ರೋ ರಿಂಗಿನ ಕೆಲಸ. ಅದು ಗೇರಿನ ಕೋನ್‌ಗೆ ಉಜ್ಜಿ, ಹಿಡಿದು, ಎರಡರ ವೇಗ ಒಂದು ಮಾಡುತ್ತದೆ. ಉಜ್ಜುವುದಕ್ಕೆ ಹಿಡಿತ ಬೇಕು. ಎಣ್ಣೆ ಅತಿಯಾಗಿ ಜಾರಿದರೆ ರಿಂಗ್ ಹಿಡಿಯುವುದಿಲ್ಲ, ವೇಗ ಕೂಡುವುದಿಲ್ಲ, ಹಲ್ಲು ಹಲ್ಲಿಗೆ ತಾಗಿ ನೀವು ಹೇಳಿದ ಕರ್ ಶಬ್ದ ಬರುತ್ತದೆ. ಅದಲ್ಲದೆ ಹೆಚ್ಚಿನ ಗಾಡಿಗಳಲ್ಲಿ ಈ ರಿಂಗ್ ಹಿತ್ತಾಳೆಯದ್ದು. ಕೆಲವು ಜಿಎಲ್-5 ಎಣ್ಣೆಗಳ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ.

ನಾನು 2016ರಲ್ಲಿ ‘ಇದೇ ಮೇಲಿನದು’ ಎಂಬ ಮಾತು ಕೇಳಿ ಜಿಎಲ್-5 ಹಾಕಿಸಿದ್ದೆ. ಎರಡು ತಿಂಗಳಲ್ಲಿ ಮೂರನೇ ಗೇರ್ ಕರ್ ಅನ್ನಲು ಶುರು. ಜಿಎಲ್-4 ಹಾಕಿದ ವಾರದೊಳಗೆ ಎಷ್ಟೋ ಹಗುರವಾಯಿತು, ಆದರೆ ಸವೆದ ರಿಂಗ್ ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲವಲ್ಲ. ಮರುವರ್ಷ ಗೇರ್‌ಬಾಕ್ಸ್ ಬಿಚ್ಚಿಸಿದೆ. ಎಣ್ಣೆಗೆ ಕೊಟ್ಟದ್ದು ಕೆಲವು ನೂರು, ಬಿಚ್ಚಿಸಿದ್ದಕ್ಕೆ ಹತ್ತು ಸಾವಿರ ದಾಟಿತು.

ಒಂದು ಮಾತು ಸೇರಿಸುತ್ತೇನೆ: ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎರಡನ್ನೂ ಬರೆದ ಎಣ್ಣೆಗಳೂ ಬರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೂ ಸಿಂಕ್ರೋಮೆಶ್ (ಸಿಂಕ್ರೋ ರಿಂಗ್) ಇರುವ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ನಾನು ಮುಟ್ಟುವುದಿಲ್ಲ.

ಬೆಂಗಳೂರಿನಿಂದ:

ಮೇಲಿನವರು ಜಿಎಲ್ ಬಗ್ಗೆ ಹೇಳಿದರು, ನಾನು ದಪ್ಪ-ತೆಳುವಿನ ಬಗ್ಗೆ ಹೇಳುತ್ತೇನೆ. 90 ಅಂದರೆ ಎಂಜಿನ್ ಆಯಿಲ್‌ನ 40ಕ್ಕಿಂತ ಎರಡು ಪಟ್ಟು ದಪ್ಪ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎರಡರ ಅಳತೆಗೋಲೇ ಬೇರೆ. ಎಣ್ಣೆಗಳಿಗೆ ಈ ಅಂಕಿ ಕೊಡುವ ಎಸ್‌ಎಇ ಸಂಸ್ಥೆಯ ಪಟ್ಟಿಯಲ್ಲಿ 100 ಡಿಗ್ರಿ ಬಿಸಿಯಲ್ಲಿ ಗೇರ್ ಆಯಿಲ್ 90ರ ಸ್ನಿಗ್ಧತೆ, ಅಂದರೆ ದಪ್ಪ, 13.5ರಿಂದ 18.5 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ), ಎಂಜಿನ್ ಆಯಿಲ್ 40ರದ್ದು 12.5ರಿಂದ 16.3. ಹೆಚ್ಚುಕಡಿಮೆ ಒಂದೇ. ನಿಮ್ಮ ಮ್ಯಾನುಯಲ್ ಕೇಳುವ 80 ಅಂದರೆ 11ಕ್ಕಿಂತ ಕಡಿಮೆ. ಅಂದರೆ ಈಗ ನಿಮ್ಮ ಗಾಡಿಯಲ್ಲಿರುವ 90 ಆಯಿಲ್ ಬಿಸಿಯಲ್ಲೇ ಬೇಕಾದ್ದಕ್ಕಿಂತ ಬಹಳ ದಪ್ಪ. ಸಕಲೇಶಪುರದ ಚಳಿಯ ಬೆಳಿಗ್ಗೆ ಕೇಳುವುದೇ ಬೇಡ.

ಹೋಂಡಾದ ಕೆಲವು ಹಳೇ ಕಾರುಗಳ ಮ್ಯಾನುಯಲ್‌ನಲ್ಲಿ, ಅವರದೇ ಎಂಟಿಎಫ್ (ಮ್ಯಾನುಯಲ್ ಗೇರ್‌ಬಾಕ್ಸ್ ಎಣ್ಣೆ) ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯು-30 ಎಂಜಿನ್ ಆಯಿಲ್ ಹಾಕಬಹುದು ಅಂತಲೇ ಇದೆ. ಕೆಲವು ಗೇರ್‌ಬಾಕ್ಸ್‌ಗಳು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಕೇಳುತ್ತವೆ. ಹಾಗಾಗಿ ‘ಗೇರ್‌ಬಾಕ್ಸ್ ಅಂದರೆ 90’ ಅನ್ನುವ ಮಾತು ಎಲ್ಲ ಗಾಡಿಗೂ ಹೊಂದುವುದಿಲ್ಲ.

ಹಾಸನದಿಂದ, ಪಿಕಪ್ ಓಡಿಸುವವರು:

ಅಣ್ಣ, ನಾನು ಶಿರಾಡಿ ಘಾಟಿಯಲ್ಲಿ ಲೋಡ್ ಗಾಡಿ ಓಡಿಸ್ತೀನಿ. ನಮ್ಮ ಗಾಡಿಗಳಲ್ಲಿ ಗೇರ್‌ಬಾಕ್ಸ್ ಬೇರೆ, ಹಿಂದಿನ ಹೌಸಿಂಗ್ ಬೇರೆ. ಹೌಸಿಂಗಿಗೆ ಜಿಎಲ್-5 ಬೇಕೇ ಬೇಕು, ಅಲ್ಲಿ ಜಿಎಲ್-4 ಹಾಕಿದರೆ ಘಾಟಿ ಹತ್ತುವಾಗ ಕ್ರೌನ್ ಹಾಳಾಗುತ್ತೆ. ತೊಂದರೆ ಏನಂದ್ರೆ ಕೆಲವು ಗ್ಯಾರೇಜ್‌ನಲ್ಲಿ ಒಂದೇ ಡ್ರಮ್ಮಿನಿಂದ ಎರಡಕ್ಕೂ ಹಾಕ್ತಾರೆ. ನಿಮ್ಮ ಕಾರಿಗೂ ಅಂಥದ್ದೇ ಡ್ರಮ್ಮಿನ ಆಯಿಲ್ ಬಿದ್ದಿರಬಹುದು. ಸೀಲ್ ಇರೋ ಡಬ್ಬಿ ನೀವೇ ತಗೊಂಡು ಹೋಗಿ, ಎದುರಿಗೆ ನಿಂತು ಹಾಕಿಸಿ.

ತುಮಕೂರಿನಿಂದ, ಗ್ಯಾರೇಜ್ ನಡೆಸುವವರು:

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನಿಮ್ಮ ಮೆಕ್ಯಾನಿಕ್ ಯಾಕೆ ಹಾಗೆ ಹೇಳಿದ್ರು ಅಂದ್ರೆ, ಹಳೇ ಗೇರ್‌ಬಾಕ್ಸಿನಲ್ಲಿ ಬೇರಿಂಗ್ ಗೊಯ್ ಅನ್ನುವಾಗ ದಪ್ಪ ಆಯಿಲ್ ಹಾಕಿದರೆ ಶಬ್ದ ಕಡಿಮೆ ಕೇಳುತ್ತೆ. ಅದು ನಿಜ. ಶಬ್ದ ಅಡಗುತ್ತೆ, ಬೇರಿಂಗ್ ಸವೆಯೋದು ನಿಲ್ಲಲ್ಲ. ನಿಮಗೆ ಬೇರಿಂಗ್ ಶಬ್ದವೇ ಇಲ್ಲ, ಹಾಗಾಗಿ ಆ ಮದ್ದು ನಿಮಗಲ್ಲ.

ಆಯಿಲ್‌ಗೆ ದುಡ್ಡು ಹಾಕೋ ಮುಂಚೆ ಕ್ಲಚ್ ನೋಡಿ. ಎಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ತೆಗೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ನಿಂತಲ್ಲೇ ಹಾಕಿ. ಆಫ್‌ನಲ್ಲಿ ಸಲೀಸು, ಆನ್‌ನಲ್ಲಿ ಎಲ್ಲಾ ಗೇರೂ ಬಿಗಿ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತ. ರಿವರ್ಸಲ್ಲೂ ಗೊತ್ತಾಗುತ್ತೆ, ಬಹಳಷ್ಟು ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೋ ಇರಲ್ಲ. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಕಾದು ಹಾಕಿದರೂ ಕರ್ ಅಂದ್ರೆ ಕೇಬಲ್ಲೋ ಪ್ಲೇಟೋ ನೋಡಬೇಕು. ಎರಡನೇ ಗೇರ್ ಮಾತ್ರ ತೊಂದರೆ ಕೊಟ್ರೆ ಸಿಂಕ್ರೋ. ತಣ್ಣಗಿದ್ದಾಗ ಮಾತ್ರ ಅಂದ್ರೆ ಆಯಿಲ್ ಕಡೆಗೆ ಬೆರಳು ತೋರಿಸುತ್ತೆ.

ಬದಲಿಸುವಾಗ ಮೊದಲು ತುಂಬಿಸೋ ಬೋಲ್ಟ್ ಬಿಚ್ಚಿ, ಆಮೇಲೇ ಕೆಳಗಿನ ಡ್ರೈನ್ ಬೋಲ್ಟ್. ಎಷ್ಟೋ ಜನ ಆಯಿಲ್ ಪೂರ್ತಿ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದೆ, ಗಾಡಿ ಅಲ್ಲೇ ನಿಲ್ಲಿಸಿ ಫೋನ್ ಮಾಡಿದ್ದಾರೆ. ಹತ್ತು ಕಿ.ಮೀ. ಓಡಿಸಿ ಬಿಸಿ ಇರುವಾಗ ಇಳಿಸಿ. ವಾಷರ್ ಹೊಸದು ಹಾಕಿ. ಸಮ ನೆಲದಲ್ಲಿ ನಿಲ್ಲಿಸಿ, ತುಂಬಿಸುವ ತೂತಿನ ಕೆಳ ಅಂಚಿಗೆ ಆಯಿಲ್ ಬಂದು ಹನಿಯೋಕೆ ಶುರುವಾದರೆ ಸಾಕು. ಸಣ್ಣ ಕಾರುಗಳಿಗೆ 2 ಲೀಟರ್ ಆಸುಪಾಸು ಹಿಡಿಯುತ್ತೆ. ಇದರಲ್ಲಿ ಎಂಜಿನ್ ಥರ ಪಂಪ್ ಇರಲ್ಲ, ಗೇರ್ ತಿರುಗುತ್ತಾ ಎರಚಿದ ಎಣ್ಣೆಯೇ ಮೇಲಿನ ಶಾಫ್ಟಿಗೆ ಹೋಗಬೇಕು. ಕಡಿಮೆ ಆದ್ರೆ ಬೇರಿಂಗ್ ಒಣಗುತ್ತೆ, ಜಾಸ್ತಿ ಆದ್ರೆ ಸೀಲ್‌ನಿಂದ ಹೊರಗೆ ಬರುತ್ತೆ.

ಧಾರವಾಡದಿಂದ:

ಕಾರಿಂದು ಎಲ್ಲಾರೂ ಹೇಳ್ಯಾರ, ಟ್ರ್ಯಾಕ್ಟರ್ ಇದ್ದವ್ರಿಗೆ ನಂದೊಂದು ಮಾತು ರೀ. ಈಗಿನ ಎಷ್ಟೋ ಟ್ರ್ಯಾಕ್ಟರ್‌ನ್ಯಾಗ ಗೇರಿಗೂ ಹೈಡ್ರಾಲಿಕ್ಕಿಗೂ ಎಣ್ಣಿಯೊಳಗ ಮುಳುಗಿದ ಬ್ರೇಕಿಗೂ ಒಂದ ಎಣ್ಣಿ. ಹಳೀ ಟ್ರ್ಯಾಕ್ಟರಿಗೆ ಹಾಕ್ತಿದ್ದ 90 ಮನ್ಯಾಗ ಉಳದಿತ್ತು ಅಂತ ನಮ್ಮ ಕಾಕಾ ಹೊಸಾದಕ್ಕೂ ಹಾಕಿದ್ರು. ಬ್ರೇಕ್ ಒತ್ತಿದ್ರ ಕಿರಚಾಕ ಹತ್ತಿತು, ಹಿಡಿತಾನೂ ಕಡಿಮಿ ಆತು. ಕಬ್ಬಿನ ಟ್ರೇಲರ್ ಎಳ್ಯೂವಾಗ ಅದು ಜೀವದ ಪ್ರಶ್ನೆ ರೀ. ಎಲ್ಲಾ ಇಳಿಸಿ ಕಂಪನಿ ಹೇಳಿದ ಎಣ್ಣೀನ ಹಾಕಿಸಿದ್ವಿ.

ಕೆನಡಾದ ಎಡ್ಮಂಟನ್‌ನಿಂದ:

ಡಬ್ಲ್ಯು ಮುಂದಿನ ಅಂಕಿಯ ಬಗ್ಗೆ ಎರಡು ಸಾಲು. 75ಡಬ್ಲ್ಯು ಅಂದರೆ ಮೈನಸ್ 40ರಲ್ಲೂ ಒಂದು ಮಿತಿಗಿಂತ ಗಟ್ಟಿಯಾಗಬಾರದು, 80ಡಬ್ಲ್ಯುಗೆ ಆ ಪರೀಕ್ಷೆ ಮೈನಸ್ 26ರಲ್ಲಿ. ಇಲ್ಲಿ ಜನವರಿಯಲ್ಲಿ ಗೇರ್ ಲಿವರ್ ಜೇನಿನೊಳಗೆ ಕಡ್ಡಿ ತಿರುವಿದ ಹಾಗಿರುತ್ತದೆ, ನಮಗೆ ಅದು ದಿನನಿತ್ಯದ ಮಾತು. ಊರಲ್ಲಿ ಅಷ್ಟು ಚಳಿ ಇಲ್ಲದಿದ್ದರೂ 75ಡಬ್ಲ್ಯು ಎಣ್ಣೆ 12-15 ಡಿಗ್ರಿಯಲ್ಲೂ 80ಡಬ್ಲ್ಯು-90ಗಿಂತ ಸಾಮಾನ್ಯವಾಗಿ ತೆಳುವಾಗಿಯೇ ಇರುತ್ತದೆ. ಮೊದಲ ಮೂರ್ನಾಲ್ಕು ಕಿ.ಮೀ. ಬಿಗಿ ಅನ್ನುವವರಿಗೆ ಪ್ರಯೋಜನ ಇದೆ.

ಸಕಲೇಶಪುರದಿಂದ, ಮೂರು ವಾರದ ನಂತರ:

ಎಲ್ಲರಿಗೂ ಧನ್ಯವಾದ. ತುಮಕೂರಿನ ಸರ್ ಹೇಳಿದಂತೆ ಮೊದಲು ಕ್ಲಚ್ ನೋಡಿದೆ. ರಿವರ್ಸ್ ಸಲೀಸಾಗಿ ಬಿತ್ತು, ನಿಂತಲ್ಲಿ ಬೇರೆ ಗೇರ್‌ಗಳೂ ಹಗುರ. ಆಮೇಲೆ 75ಡಬ್ಲ್ಯು-80, ಜಿಎಲ್-4 ಸೀಲ್ ಡಬ್ಬಿ ಹಾಸನದಿಂದ ತರಿಸಿ, ಎದುರಿಗೆ ನಿಂತು ಹಾಕಿಸಿದೆ. ಇಳಿದ ಎಣ್ಣೆಗೆ ಶಿವಮೊಗ್ಗದ ಸರ್ ಹೇಳಿದ ಅದೇ ಗಂಧಕದ ವಾಸನೆ, ತುಂಬಾ ಜೋರು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ಕಪ್ಪು ಪೇಸ್ಟ್ ಅಂಟಿತ್ತು, ಚೂರುಗಳಿರಲಿಲ್ಲ. ಆದರೆ ಟ್ರೇಯಲ್ಲಿ ಬಿಸಿಲಿಗೆ ಹಿಡಿದಾಗ ಎಣ್ಣೆಯಲ್ಲಿ ಹೊಂಬಣ್ಣದ ಹುಡಿ ಮಿನುಗುತ್ತಿತ್ತು. ಹಿತ್ತಾಳೆ.

ಈಗ 400 ಕಿ.ಮೀ. ಓಡಿದೆ. ಬೆಳಿಗ್ಗೆಯ ಬಿಗಿ ಮುಕ್ಕಾಲು ಪಾಲು ಹೋಗಿದೆ, ಒಂದೇ ಬೆರಳಲ್ಲಿ ಎರಡನೇ ಗೇರ್ ಬೀಳುತ್ತದೆ. ಅವಸರದಲ್ಲಿ ಎಳೆದರೆ ಈಗಲೂ ಸಣ್ಣಗೆ ಕರ್ ಅನ್ನುತ್ತದೆ. ನಮ್ಮ ಮೆಕ್ಯಾನಿಕ್‌ಗೆ ಇದೆಲ್ಲ ಓದಿ ಹೇಳಿದೆ, ಅವರು ಪೂರ್ತಿ ಕೇಳಿಸಿಕೊಂಡರು. ಇನ್ನೊಂದು ವರ್ಷದಲ್ಲಿ ಕ್ಲಚ್ ಪ್ಲೇಟ್ ಬದಲಿಸುವ ಸಮಯ ಬರುತ್ತದೆ, ಗೇರ್‌ಬಾಕ್ಸ್ ಹೇಗೂ ಇಳಿಸಬೇಕು, ಆಗಲೇ ಎರಡನೇ ಗೇರಿನ ರಿಂಗ್ ಬದಲಿಸೋಣ, ಅಲ್ಲಿಯವರೆಗೆ ನಿಧಾನವಾಗಿ ಹಾಕಿ ಅಂದಿದ್ದಾರೆ. ಹಾಗೇ ಓಡಿಸುತ್ತಿದ್ದೇನೆ.