ಮಹಡಿಯಿಂದ ಧ್ರುವ ನಕ್ಷತ್ರ ಕಾಣಲ್ಲ, 60 ಸೆಕೆಂಡಿಗೇ ನಕ್ಷತ್ರಗಳು ಗೆರೆಯಾಗ್ತಿವೆ

ಇರುಳುನೋಟ_ಮೈಸೂರು:
ನಮಸ್ಕಾರ. ಸ್ಟಾರ್ ಟ್ರ್ಯಾಕರ್ (ಆಕಾಶ ತಿರುಗಿದ ಹಾಗೆ ಕ್ಯಾಮೆರಾನೂ ತಿರುಗಿಸೋ ಮೋಟರ್ ಸಾಧನ) ಮೇಲೆ 200 ಎಂಎಂ ಲೆನ್ಸ್ ಇಟ್ಟು ಒರಾಯನ್ ನೆಬ್ಯುಲಾ ತೆಗೀತಿದ್ದೀನಿ. 60 ಸೆಕೆಂಡಿನ ಫೋಟೋದಲ್ಲಿ ಪ್ರತಿ ನಕ್ಷತ್ರವೂ 8 ಪಿಕ್ಸೆಲ್ ಉದ್ದದ ಗೆರೆ. ಉತ್ತರಕ್ಕೆ ಪಕ್ಕದ ಮನೆ ಅಡ್ಡ, ಧ್ರುವ ಕಾಣಲ್ಲ. ಫೋನಿನ ದಿಕ್ಸೂಚಿ ನೋಡಿ ಟ್ರ್ಯಾಕರಿನ ಅಕ್ಷ ಉತ್ತರಕ್ಕೆ ತಿರುಗಿಸಿ, ಎತ್ತರ ಮೈಸೂರಿನ ಅಕ್ಷಾಂಶದಷ್ಟು, 12.3 ಡಿಗ್ರಿಗೆ ಇಟ್ಟಿದ್ದೀನಿ. ಮೋಟರ್ ಕೆಟ್ಟಿದೆಯಾ? ವಾರಂಟಿ ಇದೆ, ವಾಪಸ್ ಕಳಿಸ್ಲಾ?

ತೂಗುಗುಂಡು:
ತಡೀರಿ, ಕಳಿಸಬೇಡಿ. ಟ್ರ್ಯಾಕರ್ ಆಫ್ ಮಾಡಿ ಅದೇ ಜಾಗವನ್ನ 10 ಸೆಕೆಂಡ್ ತೆಗೀರಿ. ಆಗ ಬೀಳೋ ಗೆರೆ ಪೂರ್ವ-ಪಶ್ಚಿಮ. ನಿಮ್ಮ 8 ಪಿಕ್ಸೆಲ್ ಗೆರೆಯೂ ಅದೇ ದಿಕ್ಕಿಗಿದ್ರೆ ಗೇರ್, ಕ್ಲಚ್ ಅಥವಾ ವೇಗದ ಸ್ವಿಚ್ ನೋಡಬೇಕು. ಸ್ವಿಚ್ ಚಂದ್ರನ ವೇಗದಲ್ಲಿ ಉಳಿದಿದ್ರೂ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಇಷ್ಟೇ ಗೆರೆ ಬರುತ್ತೆ! ಅದಕ್ಕೆ ಅಡ್ಡಲಾಗಿದ್ರೆ ಮೋಟರ್ ತಪ್ಪಲ್ಲ, ಧ್ರುವ ಜೋಡಣೆಯದು, ಅಂದ್ರೆ ಟ್ರ್ಯಾಕರಿನ ಅಕ್ಷ ಆಕಾಶದ ಧ್ರುವಕ್ಕೆ ನೇರ ಇಲ್ಲ. ಪಿಕ್ಸೆಲ್ ಅಳತೆ ಎಷ್ಟು?

ಇರುಳುನೋಟ_ಮೈಸೂರು:
ಅಡ್ಡಲಾಗಿದೆ ಸರ್, ಸರಿಯಾಗಿ ಪ್ಲಸ್ ಗುರುತಿನ ಥರ. ಪಿಕ್ಸೆಲ್ 4 ಮೈಕ್ರಾನ್. ತೆಗೆದಾಗ ಒರಾಯನ್ ಹೆಚ್ಚುಕಡಿಮೆ ನೆತ್ತಿ ಮೇಲಿತ್ತು.

ತೂಗುಗುಂಡು:
ಹಾಗಾದ್ರೆ ಲೆಕ್ಕ ಸಿಕ್ತು. 200 ಎಂಎಂನಲ್ಲಿ ನಿಮ್ಮ ಒಂದು ಪಿಕ್ಸೆಲ್ ಅಂದ್ರೆ ಆಕಾಶದಲ್ಲಿ ಸುಮಾರು 4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). 8 ಪಿಕ್ಸೆಲ್‌ಗೆ 32. ಅಕ್ಷ 1 ಡಿಗ್ರಿ ತಪ್ಪಿದ್ರೆ ನಿಮಿಷಕ್ಕೆ ಸುಮಾರು 16 ಆರ್ಕ್‌ಸೆಕೆಂಡ್ ಜಾರುತ್ತೆ, ಅಂದ್ರೆ ನೀವು 2 ಡಿಗ್ರಿ ತಪ್ಪಿದ್ದೀರಿ. ನೆತ್ತಿ ಹತ್ತಿರದ ಒರಾಯನ್‌ನಲ್ಲಿ ಎತ್ತರದ ತಪ್ಪು ಕಾಣಿಸೋದೇ ಇಲ್ಲ, ಆದ್ದರಿಂದ ಇದು ಪೂರ್ತಿ ದಿಕ್ಕಿನ ತಪ್ಪು. ಆರ್‌ಸಿಸಿ ಮಹಡಿ ತುಂಬ ಕಬ್ಬಿಣದ ಸರಳು, ಅದರ ಮೇಲೆ ದಿಕ್ಸೂಚಿ ನಂಬೋದು ಬೇಡ.

ಈಗ ಡ್ರಿಫ್ಟ್ ವಿಧಾನ ಮಾಡಿ, ಅಂದ್ರೆ ಟ್ರ್ಯಾಕರ್ ಓಡ್ತಿರುವಾಗ ನಕ್ಷತ್ರ ಯಾವ ಕಡೆ ಜಾರುತ್ತೆ ನೋಡಿ ಅಕ್ಷ ಸರಿಮಾಡೋದು. ಒರಾಯನ್‌ನ ಬೆಲ್ಟಿನ (ಸಾಲಾಗಿರೋ ಮೂರು ನಕ್ಷತ್ರ) ಪಶ್ಚಿಮ ತುದಿಯ ಮಿಂಟಾಕ ಸರಿಸುಮಾರು ಆಕಾಶದ ವಿಷುವದ್ವೃತ್ತದ ಮೇಲೇ ಇದೆ. ಫೆಬ್ರವರಿ ಶುರುವಿನಲ್ಲಿ ರಾತ್ರಿ 9 ದಾಟಿದ ಮೇಲೆ ಉತ್ತರ-ದಕ್ಷಿಣ ರೇಖೆಗೆ ಬರುತ್ತೆ. 5 ನಿಮಿಷದ ಅಂತರದಲ್ಲಿ ಎರಡು ಫೋಟೋ ತೆಗೆದು ಹೋಲಿಸಿ. ಬೆಲ್ಟಿನಿಂದ ಕತ್ತಿ (ನೆಬ್ಯುಲಾ ಇರೋ ನಕ್ಷತ್ರಗಳ ಸಾಲು) ಇರೋ ಕಡೆ ದಕ್ಷಿಣ. ಮಿಂಟಾಕ ಆ ಕಡೆ ಜಾರಿದ್ರೆ ಅಕ್ಷ ಪೂರ್ವಕ್ಕೆ ಹೊರಳಿದೆ, ಪಶ್ಚಿಮಕ್ಕೆ ತಿರುಗಿಸಿ. ಉತ್ತರಕ್ಕೆ ಜಾರಿದ್ರೆ ಉಲ್ಟಾ. ಜಾರೋದು ನಿಲ್ಲೋವರೆಗೂ ಮಾಡಿ. ಆಮೇಲೆ ಪೂರ್ವದಲ್ಲಿ ಏರುತ್ತಿರೋ ಮಖಾ ನಕ್ಷತ್ರ ಹಿಡಿದು ಹೀಗೇ ನೋಡಿ: ದಕ್ಷಿಣಕ್ಕೆ ಜಾರಿದ್ರೆ ಅಕ್ಷ ತಗ್ಗಿದೆ, ಎತ್ತಿ.

ಮಹಡಿಗಿತ್ತಿ:
ಹಗಲಲ್ಲೇ ಅರ್ಧ ಕೆಲಸ ಮುಗಿಸ್ಕೊಬಹುದು. ದಾರಕ್ಕೆ ಭಾರ ಕಟ್ಟಿ ತೂಗುಬಿಡಿ, ಸೂರ್ಯ ಮಧ್ಯರೇಖೆ ದಾಟೋ ಹೊತ್ತಿಗೆ ದಾರದ ನೆರಳಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಅದೇ ನಿಜವಾದ ಉತ್ತರ-ದಕ್ಷಿಣ. ಮೈಸೂರಲ್ಲಿ ಫೆಬ್ರವರಿಯಲ್ಲಿ ಅದು 12:37ರ ಸುಮಾರಿಗೆ, 12ಕ್ಕಲ್ಲ! ಒಂದು ನಿಮಿಷ ಆಚೀಚೆಯಾದ್ರೆ ಗೆರೆ ಅರ್ಧ ಡಿಗ್ರಿ ತಿರುಗುತ್ತೆ, ಆ್ಯಪ್‌ನಲ್ಲಿ ಆ ದಿನದ ಸಮಯ ನೋಡ್ಕೊಳ್ಳಿ. ಏಪ್ರಿಲ್ ಕೊನೆ ಹೊತ್ತಿಗೆ ಇದು ನಡೆಯಲ್ಲ, ಸೂರ್ಯ ನೆತ್ತಿಗೇ ಬಂದು ನೆರಳೇ ಇರಲ್ಲ.

ಇರುಳುನೋಟ_ಮೈಸೂರು:
ಇಬ್ಬರಿಗೂ ಥ್ಯಾಂಕ್ಸ್. ನೆರಳಿನ ಗೆರೆಗೂ ದಿಕ್ಸೂಚಿಗೂ ಕಣ್ಣಿಗೇ ಕಾಣೋಷ್ಟು ವ್ಯತ್ಯಾಸ ಇತ್ತು. ಮಿಂಟಾಕ ದಕ್ಷಿಣಕ್ಕೆ ಜಾರ್ತಿತ್ತು, ಪಶ್ಚಿಮಕ್ಕೆ ತಿರುಗಿಸಿದೆ, ಅಡ್ಡ ಗೆರೆ ಹೋಯ್ತು. ಆದ್ರೆ ಈಗ ಕೆಲವು ಫೋಟೋಗಳಲ್ಲಿ ಮಾತ್ರ ಪೂರ್ವ-ಪಶ್ಚಿಮಕ್ಕೆ 2-3 ಪಿಕ್ಸೆಲ್ ಎಳೆದ ಹಾಗಿದೆ.

ತೂಗುಗುಂಡು:
ಅದು ಗೇರಿನ ಹಲ್ಲುಗಳ ಏರುಪೇರು, ಗೈಡಿಂಗ್ (ಇನ್ನೊಂದು ಕ್ಯಾಮೆರಾ ನಕ್ಷತ್ರ ನೋಡ್ತಾ ಟ್ರ್ಯಾಕರನ್ನ ತಿದ್ದೋದು) ಇಲ್ಲದೆ ಪೂರ್ತಿ ಹೋಗಲ್ಲ. 30 ಸೆಕೆಂಡಿಗೆ ಇಳಿಸಿ, ಎರಡರಷ್ಟು ಫೋಟೋ ತೆಗೆದು, ಎಳೆದಿರೋವನ್ನ ಬಿಸಾಕಿ ಉಳಿದವನ್ನ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ ಒಂದೇ ಫೋಟೋ ಮಾಡಿ). ಒರಾಯನ್ ನೆಬ್ಯುಲಾದ ನಡುಭಾಗ ಹೇಗಿದ್ರೂ 60 ಸೆಕೆಂಡಿಗೆ ಬೆಳ್ಳಗೆ ಸುಟ್ಟುಹೋಗಿರುತ್ತೆ, 5 ಸೆಕೆಂಡಿನವನ್ನೂ ಒಂದಷ್ಟು ತೆಗೆದಿಡಿ.