ಕಾಲು ಜೋಮಿಗೆ ಅರಿಶಿಣ ಹಾಲು: ಮನಿ ಗ್ರೂಪಿನಾಗಿನ ಜಗಳ

ಗ್ರೂಪ್: ಬಾಗಲಕೋಟಿ ಮನಿತನ

ಬಸು ಕಾಕಾ (ಫಾರ್ವರ್ಡ್): "ಒಳಗಿನ ಉರಿಯೂತವೇ ಎಲ್ಲ ನರರೋಗಗಳ ಮೂಲ! ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಪರೀಕ್ಷಿಸಿ. ದಿನಾ 1 ಚಮಚ ಅರಿಶಿಣ, ಮೆಣಸು ಹಾಲಿನಲ್ಲಿ. ಕಾಲು ಜೋಮು, ಮರೆವು ಮಾಯ!"

ಬಸು ಕಾಕಾ: ನಿಮ್ಮ ಶಾರದಾ ಅತ್ತಿಗೂ ಇದನ್ನ ಹೇಳೀನಿ. ಪಾದ ಜೋಮು ಹಿಡೀತಾವಂತ.

ಶೈಲಾ: ಕಾಕಾ, ಮೊದಲನೇ ಸಾಲಿನಾಗ "ಎಲ್ಲ" ತಗದು "ಕೆಲವು" ಹಾಕಿದ್ರ ಖರೇ ಐತಿ. ಉಳಿದದ್ದು ಯಾರೋ ಪೋಣಿಸಿದ್ದು.

ಬಸು ಕಾಕಾ: ಹೆಂಗ ಪೋಣಿಸಿದ್ದು? ಮೆದುಳಿನಾಗಿನ ಮೈಕ್ರೋಗ್ಲಿಯಾ (ಕಾವಲು ಕೋಶಗಳು) ಬಹಳ ದಿನ ಕೆರಳಿದ್ರ ಐಎಲ್-1, ಟಿಎನ್‌ಎಫ್ ಅನ್ನೂ ಉರಿಯೂತದ ರಾಸಾಯನಿಕ ಬಿಡ್ತಾವ, ನರಕೋಶ ಸಾಯ್ತಾವ. 2013ರಾಗ ಟ್ರೆಮ್-2 ಜೀನ್ ಸಿಕ್ತಲ್ಲ, ಮೈಕ್ರೋಗ್ಲಿಯಾದ್ದ ಅದು. ಅದರಾಗ ದೋಷ ಇದ್ದವ್ರಿಗೆ ಆಲ್ಝೈಮರ್ ಅನ್ನೂ ಮರೆವಿನ ರೋಗ ಹೆಚ್ಚು.

ಶೈಲಾ: ಆ ಜೀನ್ ನಿಮಗ ಉಲ್ಟಾ ಹೊಡೀತೈತಿ. ಆ ದೋಷ ಇದ್ರ ಮೈಕ್ರೋಗ್ಲಿಯಾ ಮೆದುಳಿನಾಗ ಕೂಡೂ ಅಮೈಲಾಯ್ಡ್ ಪ್ರೋಟೀನ್ ಕಸದ ಸುತ್ತ ಸರಿಯಾಗಿ ಕೂಡಂಗಿಲ್ಲ, ಬಳಿಯಂಗಿಲ್ಲ. ಕೆಲಸಾ ಕಡಿಮಿ ಆಗಿ ರೋಗ ಬರೂದು. ಅವನ್ನ ಮಲಗಿಸಿದ್ರ ಲಾಭ ಹೆಂಗ? ಅಮೆರಿಕಾದಾಗ 70 ದಾಟಿದ ಸುಮಾರು 2,500 ಮಂದಿ ಮ್ಯಾಲೆ ಉರಿಯೂತ ಇಳಸೂ ಗುಳಿಗಿ ಕೊಟ್ಟು ನೋಡ್ಯಾರ: ಕೆಲವ್ರಿಗೆ ನ್ಯಾಪ್ರಾಕ್ಸೆನ್ 220 ಮಿ.ಗ್ರಾಂ, ಕೆಲವ್ರಿಗೆ ಸೆಲೆಕಾಕ್ಸಿಬ್ 200, ದಿನಕ್ಕ ಎರಡು ಸಲ. ಹೃದಯಕ್ಕ ಅಪಾಯ ಅಂತ 2004ರಾಗ ಗುಳಿಗಿ ನಿಲ್ಸಿದ್ರು. ಮರೆವು ತಡೀಲೇ ಇಲ್ಲ.

ವಿನಾಯಕ: ಲ್ಯಾಬಿನವನ ಮಾತೂ ಕೇಳ್ರಿ. ಒಂದ ರಕ್ತದ ಸಿಆರ್‌ಪಿ ಒಂದು ಕಡೆ ಮಿ.ಗ್ರಾಂ/ಲೀಟರ್ 6 ಅಂತ ಬರ್ತೈತಿ, ಇನ್ನೊಂದು ಕಡೆ ಮಿ.ಗ್ರಾಂ/ಡೆಸಿಲೀಟರ್ 0.6 ಅಂತ. ಮಂದಿ "ಹತ್ತು ಪಟ್ಟು ಇಳೀತು" ಅಂತ ಪೇಢೆ ಹಂಚ್ತಾರ. ನೆಗಡಿ, ಹಲ್ಲಿನ ಕೀವು ಇದ್ದಾಗ ಹೈ-ಸೆನ್ಸಿಟಿವ್ ಸಿಆರ್‌ಪಿ ಮಾಡ್ಸೂದ ಬ್ಯಾಡ. ಲೀಟರಿಗೆ 10 ಮಿ.ಗ್ರಾಂ ದಾಟಿದ್ರ ಮೊದಲು ಸೋಂಕು ಹುಡುಕ್ರಿ, ಎರಡು ವಾರ ಬಿಟ್ಟು ಮತ್ತ ಮಾಡ್ಸ್ರಿ. ಅದು ಹೃದಯದ ಲೆಕ್ಕಕ್ಕ ಇದ್ದದ್ದು, ನರದ್ದಲ್ಲ.

ಬಸು ಕಾಕಾ: ಹಂಗಾದ್ರ ಸಿಐಡಿಪಿಗೆ (ನರದ ಹೊದಿಕಿಯ ದೀರ್ಘ ಉರಿಯೂತದ ರೋಗ) ಸ್ಟಿರಾಯ್ಡ್ ಯಾಕ ಕೊಡ್ತೀ ಶೈಲಾ? ಹೆಸರಿನಾಗ ಉರಿಯೂತ ಐತಿ.

ಶೈಲಾ: ಹಾಂ, ಈಗ ಸರಿಯಾದ ಜಾಗಾಕ ಬಂದ್ರಿ. ಅಲ್ಲಿ ದೇಹದ ರಕ್ಷಣಾ ಪಡೆನ ನರದ ಹೊದಿಕಿ ಕೀಳ್ತೈತಿ. 8 ವಾರ ದಾಟಿ ಶಕ್ತಿ ಕುಂದ್ಕೋತ ಹೋಗ್ತೈತಿ, ಪಾದ ಅಷ್ಟ ಅಲ್ಲ, ತೊಡಿನೂ. ಕುಂತವ್ರಿಗೆ ಏಳಾಕ ಆಗಂಗಿಲ್ಲ. ಮೊಣಕಾಲಿಗೆ ಸುತ್ತಿಗಿ ಬಡದ್ರ ಕಾಲು ಜಿಗಿಯಂಗಿಲ್ಲ. ನರದ ವೇಗ ಅಳೀಬೇಕು, ಬೆನ್ನಿನ ನೀರಿನಾಗ ಪ್ರೋಟೀನ್ ನೋಡ್ಬೇಕು. ಆಮೇಲೆ ಸ್ಟಿರಾಯ್ಡ್, ಇಲ್ಲಾ ತೂಕದ ಕೆ.ಜಿ.ಗೆ 2 ಗ್ರಾಂನಂಗ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತಗದ ರಕ್ಷಣಾ ಪ್ರೋಟೀನ್), 2ರಿಂದ 5 ದಿನಕ್ಕ ಹಂಚಿ. ಇಂಥವ್ರ ಸಿಆರ್‌ಪಿ ಬಹಳ ಸಲ ನಾರ್ಮಲ್ಲ ಇರ್ತೈತಿ! ಅದ ಸ್ಟಿರಾಯ್ಡ್ ಗಿಯಾನ್-ಬಾರೆ ಅನ್ನೂ ದಿಢೀರ್ ಬರೂ ನರರೋಗದಾಗ ಉಪಯೋಗಿಲ್ಲ, ಅದೂ ನರದ ಉರಿಯೂತನ.

ಮಂಜುಳಾ ವೈನಿ: ಅರಿಶಿಣದ್ದು ಹೇಳ್ರಿ. ಮೆಣಸು ಕೂಡಿಸಿದ್ರ 20 ಪಟ್ಟು ರಕ್ತಕ್ಕ ಸೇರ್ತೈತಂತ?

ಶೈಲಾ: 1998ರ ಬೆಂಗಳೂರಿನ ಅಧ್ಯಯನ ಅದು ವೈನಿ. 2 ಗ್ರಾಂ ಶುದ್ಧ ಕರ್ಕ್ಯುಮಿನ್‌ಗೆ (ಅರಿಶಿಣದ ಸತ್ವ) 20 ಮಿ.ಗ್ರಾಂ ಪೈಪರಿನ್ (ಮೆಣಸಿನ ಸತ್ವ). ಸೊನ್ನಿ ಹತ್ರ ಇದ್ದದ್ದರ 20 ಪಟ್ಟು, ಅದೂ ತಾಸೊಪ್ಪತ್ತು. ಚಮಚ ಅರಿಶಿಣದಾಗ ಕರ್ಕ್ಯುಮಿನ್ ಸುಮಾರು 100 ಮಿ.ಗ್ರಾಂ ಅಷ್ಟ. ಪೈಪರಿನ್ ಫಿಟ್ಸಿನ ಔಷಧ ಫೆನಿಟೋಯಿನ್ನೂ ರಕ್ತದಾಗ ಏರಿಸ್ತೈತಿ. ಏರಿದ್ರ ನಡಿಗಿ ತೂರಾಡ್ತೈತಿ. ಅರಿಶಿಣದ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟದ್ದೂ ಐತಿ.

ಬಸು ಕಾಕಾ: ಶಾರದಾಗ ಏನ್ ಮಾಡೂದು ಮತ್ತ? ಬರೇ ವಾದಾ ಮಾಡ್ತೀರಿ.

ಶೈಲಾ: ಸಕ್ಕರಿ ರೋಗಕ್ಕ ಮೆಟ್‌ಫಾರ್ಮಿನ್ ತಗೋತಾರ, ಮಾಂಸ-ಮೊಟ್ಟಿ ಇಲ್ಲ, ಮ್ಯಾಲೆ ದಿನಾ ಆಸಿಡಿಟಿ ಗುಳಿಗಿ. ಮೂರೂ ವಿಟಮಿನ್ ಬಿ12 ಇಳಸ್ತಾವ, ಅದು ಇಳಿದ್ರೂ ಪಾದ ಜೋಮು ಹಿಡೀತಾವ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರಿ ಲೆಕ್ಕ), ಬಿ12, ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಮಾಡ್ಸ್ರಿ. 10 ಗ್ರಾಂ ಮೋನೋಫಿಲಮೆಂಟ್ (ಸ್ಪರ್ಶ ನೋಡೂ ನೈಲಾನ್ ಎಳಿ) ಬಾಗೂತನ ಹೆಬ್ಬೆರಳ ತಳಕ್ಕ ಒತ್ತಬೇಕು, ಕಣ್ಣು ಮುಚ್ಚಿಸಿ. ಗೊತ್ತಾಗ್ಲಿಲ್ಲಂದ್ರ ಬರಿಗಾಲಲೆ ಓಡಾಡಿಸಬ್ಯಾಡ್ರಿ. ಮೈಮ್ಯಾಲೆ ಸ್ಪರ್ಶ ಇಲ್ಲದ ಮಚ್ಚಿ ಐತೇನೂ ನೋಡ್ರಿ. ಕುಷ್ಠನೂ ನರದ ಉರಿಯೂತನ, ಅದರ ಔಷಧ ಸರಕಾರಿ ದವಾಖಾನ್ಯಾಗ ಪುಕ್ಕಟೆ.

ಬಸು ಕಾಕಾ: ನಾ ಹಾಲು ಬಂದ್ ಮಾಡ್ಸಂಗಿಲ್ಲ.

ಶೈಲಾ: ಕುಡೀಲಿ ಬಿಡ್ರಿ, ಸಕ್ಕರಿ ಹಾಕಬ್ಯಾಡ್ರಿ. ಮೆಟ್‌ಫಾರ್ಮಿನ್ ನಿಲ್ಸೂದೂ ಬ್ಯಾಡ.

ವಿನಾಯಕ: ಮತ್ತ ಓಣಿಯಾಗ ಬಿ12 ಇಂಜೆಕ್ಷನ್ ಹಾಕ್ಸ್ಕೊಂಡು ಬರಬ್ಯಾಡ್ರಿ, ಅದಾದ ಮ್ಯಾಲೆ ರಿಪೋರ್ಟು ಏರೇ ಏರ್ತೈತಿ, ಕೊರತಿ ತಿಳಿಯಂಗಿಲ್ಲ. ಮೊದಲು ರಕ್ತ ಕೊಡ್ರಿ, ಆಮೇಲೆ ಸೂಜಿ.